ಜಯದೇವಪ್ಪನ ಹದಿನಾಲ್ಕು ನೆಗೆಟಿವ್‌ಗಳು

ಬಾಳಗಡಿಯಲ್ಲಿ ಕಾಲೇಜು ಹುಡುಗರ ಯೂನಿಫಾರ್ಮ್ ಹೊಲಿಯುವ ಜಯದೇವಪ್ಪನಿಗೆ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದರಲ್ಲಿ ಊರಲ್ಲಿ ಸರಿಸಾಟಿ ಇರಲಿಲ್ಲ. ಬೇರೆಯವರು ನಗುವ ಮೊದಲೇ ತಾನು ನಕ್ಕುಬಿಟ್ಟರೆ ಅವರ ಪಾಲಿಗೆ ಏನೂ ಉಳಿಯುವುದಿಲ್ಲ ಎಂಬುದನ್ನು ಅವನು ಎಳವೆಯಲ್ಲೇ ಕಂಡುಕೊಂಡಿದ್ದ. ಅದನ್ನು ಕಲಿಸಿದ್ದು ಅವನ ಜ್ವರ.

ಏಳನೆಯ ವಯಸ್ಸಿನಿಂದ ಮೂರು ನಾಲ್ಕು ವಾರಕ್ಕೊಮ್ಮೆ ಅವನ ಮೈ ಕೆಂಡವಾಗುತ್ತಿತ್ತು, ಹೊಟ್ಟೆಯನ್ನು ಯಾರೋ ಹಿಂಡಿದ ಹಾಗೆ ನೋವು. ಮೂರನೆಯ ದಿನ ಎಲ್ಲ ತಾನಾಗಿಯೇ ಇಳಿದು, ನಾಲ್ಕನೆಯ ದಿನ ಮೂರು ತಟ್ಟೆ ಕಡುಬು ಒಳಗೆ ಹೋಗುತ್ತಿತ್ತು. ಇಂಥ ಜ್ವರವನ್ನು ಯಾರು ನಂಬುತ್ತಾರೆ? ಅಪ್ಪ ಅದಕ್ಕೆ ಸೋಮಾರಿ ಜ್ವರ ಎಂದು ನಾಮಕರಣ ಮಾಡಿದ. ಮದುವೆಯ ದಿನವೂ ಅದು ತಪ್ಪದೆ ಬಂತು. "ನಿಮ್ಮ ಕೈ ಅಷ್ಟು ಬಿಸಿ ಇದ್ದದ್ದು ನನ್ನ ಮೇಲಿನ ಪ್ರೀತಿಗೆ ಅಂದ್ಕಂಡಿದ್ದೆ" ಎಂದು ಹೆಂಡತಿ ಸರ್ವಮಂಗಳಾ ಈಗಲೂ ಹಂಗಿಸುತ್ತಾಳೆ. ಅವನು ಆ ಮಾತನ್ನೂ ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ.

ಆ ಮಲೆನಾಡಿನ ಕಡೆ ಜ್ವರವೆಂದರೆ ಒಂದು ಕ್ರಮವಿದೆ. ಡಿಸೆಂಬರ್ ಕಳೆದು ಮಳೆ ಹಿಡಿಯುವ ತನಕ ಯಾರ ಮೈ ಬಿಸಿಯಾದರೂ ಮೊದಲ ಅನುಮಾನ ಮಂಗನ ಕಾಯಿಲೆಯದು. ಆಶಾ ಕಾರ್ಯಕರ್ತೆ ನೀಲಾಂಬಿಕೆ ಹೆಸರು ಬರೆದುಕೊಂಡು ಆಸ್ಪತ್ರೆಗೆ ಕರೆದೊಯ್ದು ರಕ್ತ ಕೊಡಿಸುತ್ತಾಳೆ. ಜಯದೇವಪ್ಪ ಹದಿನಾಲ್ಕು ಸಲ ಕೊಟ್ಟಿದ್ದ, ಹದಿನಾಲ್ಕೂ ನೆಗೆಟಿವ್. "ನಿಮ್ಮ ರಕ್ತಕ್ಕೆ ಒಂದು ಬಸ್ ಪಾಸ್ ಮಾಡ್ಸಬೇಕು" ಎಂದು ನೀಲಾಂಬಿಕೆ ಹೇಳಿದರೆ, "ಮಂಗಗಳೂ ನನ್ನನ್ನ ಒಲ್ಲೆ ಅಂದ್ವು ಮಾರಾಯ್ತಿ" ಎನ್ನುವನು. ಮಂಗನ ಕಾಯಿಲೆ ಅಲ್ಲ ಎಂದಾದರೆ ಎಲ್ಲರಿಗೂ ನಿರಾಳ. ಹಾಗಾದರೆ ಮತ್ತೇನು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಅವನೂ ಹೋಗಲಿಲ್ಲ.

ಮಗಳು ಶ್ವೇತಳಿಗೆ ಹತ್ತನೆಯ ತರಗತಿಯಲ್ಲಿ ಜ್ವರ ಶುರುವಾಯಿತು. ಅವಳ ರಕ್ತವೂ ಪರೀಕ್ಷೆಗೆ ಹೋಯಿತು, ಅವಳದೂ ನೆಗೆಟಿವ್. "ಶಾಲೇಲಿ ಟೆಸ್ಟ್ ಇದ್ದ ದಿನವೇ ಜ್ವರ ಬರ್ತದೆ ಇವಳಿಗೆ. ಅಪ್ಪನ ಆಸ್ತಿ ಅಂತ ಬೇರೆ ಎಂತ ಇದೆ, ಪಾಪ" ಎಂದು ಅಂಗಡಿ ತುಂಬ ಜನರಿದ್ದಾಗ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡಿ ಹೊಲಿಯುತ್ತ ಕೂತಿದ್ದ ಶ್ವೇತ ನಗಲಿಲ್ಲ. ಅಲ್ಲಿಂದಾಚೆ ಅವಳು ಜ್ವರದ ಮಾತೆತ್ತಲಿಲ್ಲ. ತನ್ನ ತಮಾಷೆಯಿಂದಲೇ ಮಗಳು ಗುಣವಾದಳು ಎಂದು ಈ ಮಹಾವೈದ್ಯ ಎರಡು ವರ್ಷ ಕೊಚ್ಚಿಕೊಂಡ.

ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಬೆಂಚಿನಿಂದ ಕುಸಿದುಬಿದ್ದಳು. ಕೊಪ್ಪದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಜ್ಯೋತ್ಸ್ನಾ, ಹೀಗೆ ಎಷ್ಟು ದಿನದಿಂದ ಎಂದು ಕೇಳಿದಾಗ ಶ್ವೇತ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ತೋರಿಸಿದಳು. ಎರಡು ವರ್ಷದಲ್ಲಿ ಇಪ್ಪತ್ತೆಂಟು ಜ್ವರ, ಒಂದೊಂದಕ್ಕೂ ತಾರೀಖು. ಮಾತ್ರೆ ನುಂಗಿ ಕಾಲೇಜಿಗೆ ಹೋಗಿದ್ದಳು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ಜಯದೇವಪ್ಪ.

"ಹೇಳಿದ್ರೆ ನೀವು ನಗಾಡ್ತೀರಿ."

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯೇ ಎಂದು ಡಾಕ್ಟರ್ ಕೇಳಿದರು. ನಲವತ್ತು ವರ್ಷ ನಗಾಡಿಕೊಂಡು ಬಂದ ಸಂಗತಿಯನ್ನು ಕಾಯಿಲೆ ಎಂದು ಒಪ್ಪಿಕೊಳ್ಳುವುದು ಜಯದೇವಪ್ಪನಿಗೆ ಹೇಗೆಂದೇ ತಿಳಿಯಲಿಲ್ಲ. ಕೊನೆಗೆ ತಲೆ ಕೆರೆದುಕೊಂಡು, ತನಗೂ ಇದೆ ಎಂದು ಹೇಳಿದ. ಅಪ್ಪ ಮಗಳ ರಕ್ತ ದೂರದ ಲ್ಯಾಬಿಗೆ ಹೋಗಿ ಒಂದೂವರೆ ತಿಂಗಳಿಗೆ ಉತ್ತರ ಬಂತು.

ಈ ಸಲ ನೆಗೆಟಿವ್ ಇರಲಿಲ್ಲ. ರಕ್ತದ ಬಿಳಿ ಕಣಗಳು ನಮ್ಮ ಕಾವಲುಗಾರರು ಎಂದರು ಡಾಕ್ಟರ್. ರೋಗಾಣು ಒಳಗೆ ನುಗ್ಗಿದರೆ ಕೆಲವು ಕಣಗಳು ತಮ್ಮ ಮೈಗೆ ತಾವೇ ತೂತು ಕೊರೆದು ಒಡೆದು ಸಾಯುತ್ತವೆ. ಸಾಯುವಾಗ ಒಳಗಿದ್ದದ್ದನ್ನು ಹೊರಗೆ ಚೆಲ್ಲಿ ಇಡೀ ದೇಹವನ್ನು ಎಚ್ಚರಿಸುತ್ತವೆ, ಜ್ವರ ಬರುವುದು ಅದರಿಂದಲೇ. ಇವರ ವಂಶದಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ರೋಗಾಣುವೇ ಬಾರದಿದ್ದರೂ ಕಣಗಳು ಹಾಗೆ ಸಾಯುತ್ತವೆ.

"ಅಂದ್ರೆ ತೋಟಕ್ಕೆ ಮಂಗ ಬರದೇ ಇದ್ರೂ ಗರ್ನಾಲು ಪಟಾಕಿ ಹೊಡೆದು ಸತ್ತ ಕಾವಲುಗಾರ" ಎಂದ ಜಯದೇವಪ್ಪ. ಡಾಕ್ಟರ್ ನಕ್ಕುಬಿಟ್ಟರು, ಸರಿಯಾಗಿ ಹೇಳಿದ್ರಿ ಎಂದರು. ಆಮೇಲೆ ನಗು ನಿಲ್ಲಿಸಿ ಮೂತ್ರ ಪರೀಕ್ಷೆಯ ಚೀಟಿ ತೆಗೆದರು. ಈ ಜ್ವರವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕಿಡ್ನಿ ಕೆಡಬಹುದು. ಜಯದೇವಪ್ಪನ ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗಿತ್ತು. ಮಗಳದು ಶುದ್ಧವಾಗಿತ್ತು. ಇಬ್ಬರೂ ದಿನಾ ಮಾತ್ರೆ ತೆಗೆದುಕೊಳ್ಳಬೇಕು, ಬಿಡುವ ಹಾಗಿಲ್ಲ, ಜ್ವರ ಬಂದಾಗೆಲ್ಲ ತಿಳಿಸಬೇಕು. "ಪುಣ್ಯಕ್ಕೆ ಇವಳು ಬೇಗ ಬಂದಳು" ಎಂದರು.

ಬೇಗ ಬಂದದ್ದಲ್ಲ, ಬಿದ್ದದ್ದರಿಂದ ಬಂದದ್ದು. ಬೀಳದೇ ಇದ್ದಿದ್ದರೆ ಹುಡುಗಿ ಇನ್ನೂ ಇಪ್ಪತ್ತು ವರ್ಷ ನೋಟ್‌ಬುಕ್ಕಿನಲ್ಲಿ ಗುಟ್ಟಾಗಿ ತಾರೀಖು ಬರೆಯುತ್ತಿದ್ದಳು. ತನ್ನ ಕಿಡ್ನಿಯ ಸುದ್ದಿಗಿಂತ ಇದು ಅವನನ್ನು ಹೆಚ್ಚು ಹೆದರಿಸಿತು. ಮನೆಗೆ ಬರುವ ಬಸ್ಸಿನಲ್ಲಿ ಅವನಿಗೆ ವಿಪರೀತ ನಾಚಿಕೆಯಾಯಿತು. ಮಗಳ ಮುಖ ನೋಡಲಾರದೆ ಕಂಡಕ್ಟರನ ಶರ್ಟಿನ ಹೊಲಿಗೆ ನೋಡುತ್ತ ಕೂತ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಳೆಯ ಗಿರಾಕಿ ಗಣಪಯ್ಯ ಪ್ಯಾಂಟಿಗೆ ಕಾಯುತ್ತ ಕೂತಿದ್ದ, ಇನ್ನಿಬ್ಬರು ಅಳತೆಗೆ ನಿಂತಿದ್ದರು. ಶ್ವೇತ ಒಳಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಪ್ಪ, ಜ್ವರ ಬರೋ ಹಂಗಿದೆ."

ಎಲ್ಲರೂ ಜಯದೇವಪ್ಪನ ಕಡೆ ತಿರುಗಿದರು. ಗಣಪಯ್ಯ ಆಗಲೇ ನಗಲು ಬಾಯಿ ಅಗಲಿಸಿದ್ದ. ಜಯದೇವಪ್ಪನ ನಾಲಿಗೆಯ ಮೇಲೆ ಒಂದಲ್ಲ, ಮೂರು ತಮಾಷೆ ತಯಾರಾಗಿ ಕೂತಿದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವನು ಮಷಿನ್ ನಿಲ್ಲಿಸಿ ಎದ್ದುಹೋಗಿ ಮಗಳ ಹಣೆ ಮುಟ್ಟಿ ನೋಡಿದ.

"ಹೌದು, ಬಿಸಿ ಇದೆ" ಎಂದ.

ಗಣಪಯ್ಯ ಮುಂದಿನ ಮಾತಿಗಾಗಿ ಸ್ವಲ್ಪ ಹೊತ್ತು ಕಾದ. ಜಯದೇವಪ್ಪ ಕೈಯನ್ನು ಮಗಳ ಹಣೆಯ ಮೇಲೇ ಇಟ್ಟುಕೊಂಡು ನಿಂತ. ಶ್ವೇತ ಅವನ ಕೈ ಮೇಲೆ ಹಣೆಯ ಭಾರವನ್ನೆಲ್ಲ ಬಿಟ್ಟು ಕಣ್ಣು ಮುಚ್ಚಿದಳು.