ತೊಟ್ಟಿಲ ಪಕ್ಕದ ಗರಗಸ

ಬೆಳಗಿನ ಐದೂವರೆ. ಜೋಳದ ಬೆಟ್ಟದ ನೆತ್ತಿ ಇನ್ನೂ ಕಪ್ಪಗಿದೆ. ಮನೆಯ ಹಿಂದಿನ ಹಲಗೆ ಶೆಡ್ಡಿನಲ್ಲಿ ಆರ್ಲೀನಾ ಪೇವಾ ಬಕೆಟ್ಟಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಸುತ್ತಿಗೆಯ ಹಿಡಿಯಿಂದ ಒಡೆಯುತ್ತಿದ್ದಾರೆ. ಒಂದು ಪೆಟ್ಟು, ಆಮೇಲೆ ಸುಧಾರಿಸಿಕೊಳ್ಳಲು ಎಂಟು ಹತ್ತು ಉಸಿರು, ಮತ್ತೆ ಒಂದು ಪೆಟ್ಟು. ಒಡೆದ ನೀರಿಗೆ ಕೆಟಲಿನ ಬಿಸಿನೀರು ಬೆರೆಸಿ ಗರಗಸದ ಕೆಳಗಿನ ತಟ್ಟೆಗೆ ಸುರಿಯುತ್ತಾರೆ.

ಮೂಗಿಗೆ ಸಿಕ್ಕಿಸಿದ ಹಸಿರು ಕೊಳವೆ ಅವರ ಭುಜದಿಂದ ಇಳಿದು, ಅಂಗಳ ದಾಟಿ, ಅಡುಗೆಮನೆಯ ಕಿಟಕಿಯೊಳಗೆ ಹೋಗಿದೆ. ಅಲ್ಲಿ ಆಮ್ಲಜನಕದ ಯಂತ್ರ ಗುಡುಗುಡು ಅನ್ನುತ್ತಿದೆ. ಕೊಳವೆಯ ಉದ್ದ ಐವತ್ತು ಅಡಿ. ಅದು ಸರಿಯಾಗಿ ಶೆಡ್ಡಿನ ಬಾಗಿಲಿಗೆ ಮುಗಿಯುತ್ತದೆ. ಹಾಗಾಗಿ ಗರಗಸದ ಮೇಜನ್ನೇ ಬಾಗಿಲಿಗೆ ಎಳೆದಿಟ್ಟುಕೊಂಡಿದ್ದಾರೆ. ಗಾಳಿ ಬೀಸಿದರೆ ಬೆನ್ನಿಗೇ ಹೊಡೆಯುತ್ತದೆ.

"ಕಟ್ಟಿ ಹಾಕಿದ ನಾಯಿ ಹಾಗಿದೀನಿ ನೋಡು. ನಾಯಿಯಾದ್ರೂ ಬೊಗಳ್ತದೆ. ನಂಗೆ ಅಷ್ಟು ಉಸಿರೂ ಇಲ್ಲ" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ. ನಗಲು ಹೋಗಿ ಕೆಮ್ಮುತ್ತಾರೆ. ಕೆಮ್ಮು ಮುಗಿಯುವ ಹೊತ್ತಿಗೆ ಕೆಟಲಿನ ಮೂತಿಯಿಂದ ಹಬೆ ಬರುವುದು ನಿಂತಿರುತ್ತದೆ.

ಆರ್ಲೀನಾ ಅವರಿಗೆ ಅರವತ್ತೊಂದು. ಝೂನಿ ಮೂಲನಿವಾಸಿಗಳ ನಮ್ಮ ಕೇರಿಯಲ್ಲಿ ಪುಟ್ಟ ಪ್ರಾಣಿಗಳನ್ನು ಕಲ್ಲಿನಲ್ಲಿ ಕೆತ್ತುವವರು ಮನೆಗೊಬ್ಬರಿದ್ದಾರೆ. ಕರಡಿ, ಬೆಟ್ಟದ ಸಿಂಹ, ನೆಲ ಕೊರೆಯುವ ಮೋಲ್, ಕಪ್ಪೆ. ಅವರಲ್ಲಿ ಹೆಚ್ಚಿನವರು ಉಳಿ ಹಿಡಿಯುವ ಮೊದಲು ಕಲ್ಲನ್ನು ಆರ್ಲೀನಾ ಅವರ ಬಾಗಿಲಿಗೆ ತರುತ್ತಾರೆ. ಒರಟು ಕಲ್ಲಿನಿಂದ ಪ್ರಾಣಿಯಷ್ಟು ದೊಡ್ಡ ತುಂಡನ್ನು ಬಿಡಿಸಿ ಕೊಡುವುದು ಅವರ ಕೆಲಸ. ಮೂವತ್ತೆಂಟು ವರ್ಷದಿಂದ ಅದೊಂದೇ ಕೆಲಸ. ಕೆತ್ತಿದವರು ಪ್ರಾಣಿಯ ಹೊಟ್ಟೆಯ ಮೇಲೆ ತಮ್ಮ ಹೆಸರು ಗೀಚುತ್ತಾರೆ. ಕುಯ್ದವರ ಹೆಸರು ಗೀಚುವ ರೂಢಿ ಇಲ್ಲ.

ಗರಗಸ ನೋಡಲು ಹೊಲಿಗೆ ಯಂತ್ರದ ಅರ್ಧದಷ್ಟಿದೆ. ನಾಲ್ಕಂಗುಲದ ತೆಳ್ಳನೆ ಅಲಗು, ಹಲ್ಲಿಲ್ಲ, ಅಂಚಿಗೆ ವಜ್ರದ ಪುಡಿ. ಅಲಗಿನ ಕೆಳಭಾಗ ನೀರಿನಲ್ಲಿ ಮುಳುಗಿ ತಿರುಗುತ್ತ ತನಗೆ ಬೇಕಾದ ನೀರನ್ನು ತಾನೇ ಮೇಲೆ ತಂದುಕೊಳ್ಳುತ್ತದೆ. ನೀರು ಮುಖಕ್ಕೆ ಸಿಡಿಯದಂತೆ ಹಾಲಿನ ಕ್ಯಾನು ಕತ್ತರಿಸಿ ಮರೆ ಮಾಡಿಕೊಂಡಿದ್ದಾರೆ. ಇದು ಅವರ ಮೂರನೆಯ ಗರಗಸ. ಮೂರೂ ಅಂಗಡಿಯಲ್ಲಿ ಸಿಗುವುದರಲ್ಲೇ ಅಗ್ಗದವು.

ಹಲಗೆಯಂತೆ ಸೀಳಿದ ಒಂದು ಫಿರೋಜಾ ಕಲ್ಲನ್ನು, ಇಲ್ಲಿಯವರ ಬಾಯಲ್ಲಿ ಬರೀ ನೀಲಿ ಕಲ್ಲನ್ನು, ಕೈಗೆತ್ತಿಕೊಂಡು ನಾಲಿಗೆಯಿಂದ ನೆಕ್ಕುತ್ತಾರೆ. ಒದ್ದೆಯಾದರೆ ಒಳಗಿನ ಬಿರುಕು ಕಾಣುತ್ತದೆ. ಬಿರುಕು ಕರಡಿಯ ಕುತ್ತಿಗೆಗೆ ಬರಬಾರದು, ಬೆನ್ನಿಗೆ ಬಂದರೆ ಪರವಾಗಿಲ್ಲ. ಅಲ್ಯೂಮಿನಿಯಂ ಕಡ್ಡಿಯಿಂದ ಗೆರೆ ಎಳೆದು ಕಲ್ಲನ್ನು ಅಲಗಿಗೆ ತಾಗಿಸುತ್ತಾರೆ. ಕೀರಲು ಸದ್ದು ಹೊರಟು, ಬರಬರುತ್ತ ಒಂದೇ ಹದದ ಗುಂಯ್ ಆಗಿ ನಿಲ್ಲುತ್ತದೆ. ಕೊನೆಗೆ ಎಳೆಯಷ್ಟು ಉಳಿದಾಗ ಕೈ ತಾನಾಗಿ ಮೆತ್ತಗಾಗುತ್ತದೆ. ಅಲ್ಲಿ ಅವಸರ ಮಾಡಿದರೆ ಮೂಲೆ ಮುರಿಯುತ್ತದೆ.

"ಕಣ್ಣಲ್ಲಿ ನೋಡ್ತಾ ಕೂತ್ರೆ ಕಲ್ಲು ಹೋಯ್ತು ಅಂತ್ಲೇ ಲೆಕ್ಕ. ಸದ್ದು ಕೇಳ್ಬೇಕು. ಮಗೂಗೆ ನಿದ್ದೆ ಹತ್ತೋವಾಗ ಉಸಿರು ಬದಲಾಗ್ತದಲ್ಲ, ಹಂಗೆ" ಎನ್ನುತ್ತಾರೆ. ಹೇಳಿದ್ದೇ ತಡ, ಮೋಟಾರು ಆರಿಸಿ, ಸ್ವಲ್ಪ ಹೊತ್ತು ಕೈ ಒರೆಸಿಕೊಳ್ಳುತ್ತಾರೆ. ಕೈ ಒಣಗಿದ ಮೇಲೂ ಒರೆಸುತ್ತಲೇ ಇರುತ್ತಾರೆ.

ಏಳು ಗಂಟೆಗೆ ಡೆಲ್ವಿನ್ ಬರುತ್ತಾನೆ. ಆರ್ಲೀನಾ ಅವರ ತೀರಿಹೋದ ಅಣ್ಣನ ಮಗ, ಕೇರಿಯ ಒಳ್ಳೆಯ ಕೆತ್ತನೆಗಾರರಲ್ಲಿ ಒಬ್ಬ. ಸೋದರತ್ತೆಯನ್ನು ಇಲ್ಲಿ ಕುಕು ಎನ್ನುತ್ತಾರೆ. ಕುಕುವಿನಿಂದ ಬೈಸಿಕೊಳ್ಳುವುದು ಅಣ್ಣನ ಮಕ್ಕಳ ಹಕ್ಕು.

"ಏನ್ ಕುಕು, ನನ್ ಕರಡಿಗಳು ಎದ್ವಾ?"

"ನಿನಗಿಂತ ಮುಂಚೆ ಎದ್ದು ಮುಖ ತೊಳ್ಕೊಂಡು ಕೂತಿವೆ. ಹಲ್ಲುಜ್ಜಿದ್ಯಾ ನೀನು?"

"ನಲವತ್ತು ಹೇಳಿದ್ದೆ. ಇಲ್ಲಿ ಇಪ್ಪತ್ತಾರೇ ಇವೆಯಲ್ಲ?"

"ಉಳಿದ ಹದಿನಾಲ್ಕು ನಿನ್ ಹೊಟ್ಟೇಲಿವೆ. ಕನ್ನಡೀಲಿ ನೋಡ್ಕೊ ಹೋಗು."

ಡೆಲ್ವಿನ್ ನಗುತ್ತ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿಯುತ್ತಾನೆ. ನಗು ನಿಲ್ಲುತ್ತದೆ. "ನೋಡಿ, ತಲೆ ಎಲ್ಲಿ, ಬೆನ್ನು ಎಲ್ಲಿ ಅಂತ ಈಗ್ಲೇ ಗೊತ್ತಾಗ್ತದೆ. ಅರ್ಧ ಕರಡಿ ಕುಕುನೇ ಮಾಡಿರ್ತಾಳೆ. ನಾನು ಕಣ್ಣು ಕಿವಿ ಇಟ್ಟು, ಹೊಟ್ಟೆ ಮೇಲೆ ನನ್ನ ಹೆಸರು ಗೀಚ್ತೀನಿ. ನಾಚಿಕೆ ಆಗ್ತದೆ." ಒಮ್ಮೆ ಅವನು ತನ್ನ ಹೆಸರಿನ ಪಕ್ಕದಲ್ಲಿ ಕುಕುವಿನ ಹೆಸರನ್ನೂ ಗೀಚಿದ್ದುಂಟು. ಎರಡು ಹೆಸರಿದ್ದರೆ ಕೊಳ್ಳುವವರಿಗೆ ಗೊಂದಲ ಎಂದು ಹತ್ತಿರದ ಪೇಟೆ ಗ್ಯಾಲಪ್ಪಿನ ಅಂಗಡಿಯವನು ಆ ಕರಡಿಯನ್ನು ವಾಪಸು ಕಳಿಸಿದ. ಅದು ಈಗ ಆರ್ಲೀನಾ ಅವರ ಕಿಟಕಿಯಲ್ಲಿ, ಔಷಧಿ ಡಬ್ಬಿಗಳ ಮಧ್ಯೆ ನಿಂತಿದೆ.

ಮೊದಲ ಗರಗಸ ಬಂದಾಗ ಅವರಿಗೆ ಇಪ್ಪತ್ಮೂರು. ಗಂಡ ಕೆಲಸ ಹುಡುಕುತ್ತ ಹೋದವನು ಹೋಗಿಯೇ ಬಿಟ್ಟಿದ್ದ. ಮಗು ಆಗಿನ್ನೂ ಹೊಟ್ಟೆಯಲ್ಲಿತ್ತು. ಎಂಬತ್ತು ರೊಟ್ಟಿಯನ್ನು ಅಂಗಳದ ಒಲೆಯಲ್ಲಿ ಸುಟ್ಟು ಮಾರಿ ಗರಗಸ ಕೊಂಡರು. ಮುಚ್ಚಳವಿರುವ, ಧೂಳು ಹೀರುವ ಗರಗಸ ಬೇರೆಯೇ ಇತ್ತು. ಅದಕ್ಕೆ ರೊಟ್ಟಿ ಸುಟ್ಟು ಪೂರೈಸುವಂತಿರಲಿಲ್ಲ. ಇದನ್ನು ಅಡುಗೆಮನೆಯ ಮೇಜಿಗೆ ತಿರುಪು ಹಾಕಿ ಬಿಗಿದರು. ಚಳಿಗಾಲದಲ್ಲಿ ಬೆಂಕಿ ಇದ್ದದ್ದು ಅಲ್ಲಿ ಮಾತ್ರ.

ತಟ್ಟೆಗೆ ನೀರು ಹಾಕಬೇಕೆಂದು ಗರಗಸದ ಪೆಟ್ಟಿಗೆಯ ಮೇಲೆಯೇ ಚಿತ್ರವಿತ್ತು. ಆದರೆ ನಮ್ಮಲ್ಲಿ ನೀಲಿ ಕಲ್ಲಿಗೆ ಯಾರೂ ನೀರು ಹಾಕುತ್ತಿರಲಿಲ್ಲ. ಮೆತ್ತನೆಯ ಕಲ್ಲು ಕೆಸರು ನೀರು ಕುಡಿದು ಬಣ್ಣ ಕೆಡಿಸಿಕೊಳ್ಳುತ್ತದೆ. ಎಳೆದ ಗೆರೆಯೂ ಕೆಸರಿನಡಿ ಮಾಯವಾಗುತ್ತದೆ. ಒಣಗಿದ್ದಾಗಲೇ ತಾಗಿಸು, ತೆಗೆ, ತಾಗಿಸು, ತೆಗೆ ಎಂದು ಕುಯ್ಯುವುದೇ ಜಾಣತನವೆಂದು ಹಿರಿಯರು ಕಲಿಸಿದ್ದರು. ನೀಲಿ ಕಲ್ಲಿಗೆ ಆದ ಅಭ್ಯಾಸ ಜಾಸ್ಪರ್ ಎಂಬ ಗಟ್ಟಿ ಕೆಂಪು ಕಲ್ಲಿಗೂ ಬಂತು. ಅಲಗು ಬೇಗ ಸವೆಯುತ್ತಿತ್ತು. ಇನ್ನೇನು ಸವೆಯುತ್ತಿದೆ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ದಿನಕ್ಕೆ ಎಂಬತ್ತು, ಹಬ್ಬದ ಮುಂಚೆ ನೂರು ತುಂಡು. ಸಂಜೆ ಒದ್ದೆ ಬಟ್ಟೆಯಲ್ಲಿ ಮೇಜು, ಕಿಟಕಿ, ತಟ್ಟೆ ಲೋಟ ಎಲ್ಲ ಒರೆಸುತ್ತಿದ್ದರು. "ಮನೆ ಚೊಕ್ಕವಾಗಿದ್ರೆ ಸರಿ ಅಂದ್ಕೊಂಡಿದ್ದೆ. ಮೇಜಿನ ಮೇಲಿಂದು ಒರೆಸಿದೆ. ಗಾಳೀಲಿರೋದನ್ನ ಯಾವ ಬಟ್ಟೇಲಿ ಒರೆಸ್ಲಿ?"

ಅಣ್ಣ ತನ್ನ ಐವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಅವನೂ ಕೆತ್ತುವವನು. ಊರಿನವರು ನ್ಯುಮೋನಿಯಾ ಎಂದರು. ಆರು ವರ್ಷದ ಹಿಂದೆ ಆರ್ಲೀನಾ ರೊಟ್ಟಿಯ ಒಲೆಗೆ ಕಟ್ಟಿಗೆ ಹಾಕುವಾಗ ಕುಸಿದು ಕೂತರು. ವೈದ್ಯರು ಎದೆಯ ಚಿತ್ರವನ್ನು ದೀಪಕ್ಕೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಕಲ್ಲಿನ ಧೂಳು ಒಳಗೆ ಹೋಗಿ ಗಾಯವಾಗಿ, ಗಾಯ ಗಟ್ಟಿಯಾಗಿದೆ. ಹಿಂದಕ್ಕೆ ಬರುವ ದಾರಿ ಇಲ್ಲ. ಇನ್ನು ಕಲ್ಲು ಮುಟ್ಟಬೇಡಿ ಎಂದರು. ಆವತ್ತಿನಿಂದ ಗರಗಸ ಶೆಡ್ಡಿಗೆ ಬಂತು, ತಟ್ಟೆಗೆ ನೀರು ಬಂತು, ಬಾಯಿಗೆ ಮುಖಗವಸು ಬಂತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ.

ಈಗ ದಿನಕ್ಕೆ ಇಪ್ಪತ್ತೈದು ಮೂವತ್ತು ತುಂಡು. ಮನೆಯಿಂದ ಶೆಡ್ಡಿಗೆ ಇಪ್ಪತ್ತು ಹೆಜ್ಜೆ, ಮಧ್ಯೆ ಮೂರು ಸಲ ನಿಲ್ಲಬೇಕು. ಅಂಗಳದಲ್ಲಿ ಮೂರು ಕಡೆ ಮೂರು ಹಳೆಯ ಕುರ್ಚಿಗಳಿವೆ. ಕುರ್ಚಿ ಇಟ್ಟವಳು ಮಗಳು ಮಾರ್ಲಾ.

ಮಾರ್ಲಾಗೆ ಮೂವತ್ತೇಳು. ಹನ್ನೊಂದು ವರ್ಷದಿಂದ ಪೆಸ್ಕಾಡೊ ಕಡೆಯ ಶಾಲಾ ಬಸ್ಸು ಓಡಿಸುತ್ತಾಳೆ. ಗರಗಸವನ್ನು ಒಂದು ದಿನವೂ ಮುಟ್ಟಿದವಳಲ್ಲ. ಮುಟ್ಟಲು ತಾಯಿ ಬಿಟ್ಟಿಲ್ಲ. ಬಸ್ಸು ಓಡಿಸುವವರಿಗೆ ಆಗಾಗ ವೈದ್ಯಕೀಯ ಪರೀಕ್ಷೆ ಇರುತ್ತದೆ. ಈ ಸಲ, ಚಳಿ ಶುರುವಾದಾಗಿನಿಂದ ಬಿಡದ ಒಣಕೆಮ್ಮಿಗೆಂದು ಎದೆಯ ಚಿತ್ರವನ್ನೂ ತೆಗೆದರು. ಏನೋ ಕಾಣಿಸುತ್ತಿದೆ, ಏನೆಂದು ಇಲ್ಲಿ ಹೇಳಲಾಗದು ಎಂದು ಆಲ್ಬುಕರ್ಕಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ದೊಡ್ಡ ಯಂತ್ರದೊಳಗೆ ಮಲಗಿಸಿ ಮತ್ತೆ ಚಿತ್ರ ತೆಗೆದಿದ್ದಾರೆ. ಶುಕ್ರವಾರ ತಿಳಿಯುತ್ತದೆ. ಅಲ್ಲಿಯವರೆಗೆ ಬಸ್ಸಿನ ಬೀಗದಕೈ ಅವಳ ಕೈಯಲ್ಲಿಲ್ಲ. ಇವತ್ತು ಮಂಗಳವಾರ.

ನಾನು ಶೆಡ್ಡಿನಿಂದ ಹೊರಗೆ ಬಂದಾಗ ಅವಳು ಅಂಗಳದಲ್ಲಿ ತಾಯಿಯ ಕೊಳವೆಗೆ ಹತ್ತಿದ ಮಂಜನ್ನು ಒರೆಸುತ್ತಿದ್ದಳು.

"ಅಮ್ಮಾ, ಗಂಜಿ ಆರ್ತಿದೆ. ಬಾ ಒಳಗೆ."

"ಇನ್ನೆರಡು ತುಂಡು."

"ಬೆಳಿಗ್ಗೆಯಿಂದ ಎಷ್ಟು ಎರಡು ತುಂಡು ಆಯ್ತು? ನಿಂಗೆ ಎಣಿಸೋಕೆ ಯಾರು ಕಲಿಸಿದ್ದು?"

"ನಿನ್ನ ಶಾಲೆಯವ್ರು. ಅದಕ್ಕೇ ಹಿಂಗಾಗಿದೆ."

ಇಬ್ಬರೂ ನಗುತ್ತಾರೆ. ಮೊದಲು ತಾಯಿ ಕೆಮ್ಮುತ್ತಾರೆ. ಮಗಳು ಬಾಯಿ ಬಿಗಿಹಿಡಿದು, ತಿರುಗಿಕೊಂಡು, ಕೋಳಿಗೂಡಿನ ಹಿಂದೆ ಹೋಗಿ ಕೆಮ್ಮಿ ಬರುತ್ತಾಳೆ. ತಾಯಿಗೆ ಕೇಳಬಾರದೆಂದು. ಸದ್ದು ಕೇಳಿಯೇ ಕಲ್ಲಿನ ಒಳಗನ್ನು ತಿಳಿಯುವ ಹೆಂಗಸಿಗೆ ಅದು ಕೇಳದಿರುತ್ತದೆಯೇ?

ಒಳಗೆ ಹಾಸಿಗೆಯ ಪಕ್ಕದ ಗೋಡೆಗೆ ಮಾರ್ಲಾ ಮಲಗುತ್ತಿದ್ದ ಹಲಗೆ ತೊಟ್ಟಿಲು ಒರಗಿದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿ ಮಲಗಿಸುವ, ಗೋಡೆಗೆ ನಿಲ್ಲಿಸಬಹುದಾದ ಹಲಗೆ. ಆ ಹಲಗೆ ಆಗ ಇರುತ್ತಿದ್ದದ್ದು ಅಡುಗೆಮನೆಯಲ್ಲಿ, ಗರಗಸದಿಂದ ಮೂರು ಅಡಿ ದೂರದಲ್ಲಿ. ಅದನ್ನು ಹೇಳಲು ಆರ್ಲೀನಾ ಅವರಿಗೆ ಬಹಳ ಹೊತ್ತು ಬೇಕಾಯಿತು. ಗಂಜಿ ಪೂರ್ತಿ ಆರಿತ್ತು.

"ರಚ್ಚೆ ಹಿಡಿಯೋ ಮಗು. ಹಾಡಿದ್ರೆ ಅಳೋಳು, ಎತ್ಕೊಂಡ್ರೆ ಅಳೋಳು. ಗರಗಸದ ಸದ್ದಿಗೆ ಮಾತ್ರ ಮಲಗೋಳು. ಬರೀ ಮೋಟಾರು ತಿರುಗಿದ್ರೆ ಸಾಲ್ದು, ಕಲ್ಲು ಕುಯ್ಯೋ ಸದ್ದೇ ಆಗ್ಬೇಕು. ನಿಲ್ಲಿಸಿದ್ರೆ ಕಣ್ಣು ಬಿಡೋಳು. ಕೆಲ್ಸದ ಕಲ್ಲು ಮುಗೀತಿತ್ತು, ಅವಳ ನಿದ್ದೆ ಮುಗೀತಿರ್ಲಿಲ್ಲ. ಆಗ..." ಇಲ್ಲಿ ಅವರು ಕೊಳವೆಯನ್ನು ಮೂಗಿಗೆ ಇನ್ನೊಮ್ಮೆ ಸರಿಯಾಗಿ ಒತ್ತಿಕೊಂಡರು. "ಆಗ ಮೂಲೇಲಿ ಬಿಸಾಕಿದ್ದ ಚೂರುಪಾರು ಹಾಕಿ ಕುಯ್ತಿದ್ದೆ. ಯಾರಿಗೂ ಬೇಡದ ಕಲ್ಲು. ಮಗು ಮಲಗ್ಲಿ ಅಂತ."

ಮಗು ಎದ್ದಾಗ ರೆಪ್ಪೆಯ ಮೇಲೆ ತೆಳ್ಳಗೆ ನೀಲಿ ಕೂತಿರುತ್ತಿತ್ತು. ನೋಡಲು ಬಂದವರೆಲ್ಲ ನೀಲಿ ರೆಪ್ಪೆಯ ಮಗು ಎಂದು ಮುದ್ದಾಡುತ್ತಿದ್ದರು. ತಾಯಿಗೂ ಅದು ಚೆಂದವೇ ಕಾಣುತ್ತಿತ್ತು. ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ಒರೆಸಿ ಹಾಲು ಕುಡಿಸುತ್ತಿದ್ದರು.

ಈ ವಾರದಲ್ಲಿ ಮೂರು ಸಲ ಅವರು ಆ ತೊಟ್ಟಿಲನ್ನು ತೊಳೆದಿದ್ದಾರೆ. ಹಲ್ಲುಜ್ಜುವ ಬ್ರಷ್ಷಿನಿಂದ ಮರದ ಸಂದುಸಂದು ತಿಕ್ಕಿದ್ದಾರೆ. ಮೂರು ಸಲವೂ ನೀರು ಸ್ವಲ್ಪ ನೀಲಿಯಾಗಿಯೇ ಇಳಿಯಿತಂತೆ.

"ಅಮ್ಮ ಇದನ್ನೇ ಹೇಳ್ಕೊಂಡು ಕೂತಿರ್ತಾಳೆ" ಎನ್ನುತ್ತಾಳೆ ಮಾರ್ಲಾ, ಗಂಜಿಯನ್ನು ಮತ್ತೆ ಬಿಸಿ ಮಾಡುತ್ತ. "ಅಮ್ಮಾ, ಅಡುಗೆಮನೇಲಿ ಅಲ್ದೆ ಇನ್ನೆಲ್ಲಿ ಮಲಗಿಸ್ತಿದ್ದೆ ನನ್ನ? ಹೊರಗೆ ಹಿಮದಲ್ಲಾ? ಒಲೆ ಇದ್ದದ್ದು ಅಲ್ಲೊಂದೇ. ಈಗ ತಿನ್ನು." ತಾಯಿ ತಿನ್ನುವುದಿಲ್ಲ. ಮಗಳು ಚಮಚ ತುಂಬಿ ಬಾಯಿಯ ಹತ್ತಿರ ಹಿಡಿಯುತ್ತಾಳೆ. ಆಮೇಲೆ ತಿನ್ನುತ್ತಾರೆ.

ಹಾಗಿದ್ದೂ ಏಕೆ ಕುಯ್ಯುತ್ತೀರಿ ಎಂದು ಕೇಳಿದರೆ ಅವರ ಬಳಿ ಎರಡು ಉತ್ತರಗಳಿವೆ. ಬಸ್ಸು ನಿಂತಿದೆ, ಮನೆ ನಡೆಯಬೇಕು. ಇದು ಒಂದು. "ಇನ್ನೊಂದು, ಕುಯ್ಯೋವಾಗ ಕಿವಿ ಪೂರ್ತಿ ಕಲ್ಲಿನ ಕಡೆ ಇರ್ತದೆ. ಅವಳು ಕೆಮ್ಮೋದು ಕೇಳಲ್ಲ." ದೂರದ ದೇಶದಿಂದ ಯಂತ್ರದಲ್ಲಿ ಕುಯ್ದ ತುಂಡುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರತೊಡಗಿವೆ. ಇನ್ನೆರಡು ವರ್ಷಕ್ಕೆ ಈ ಕೆಲಸವೂ ಇರುವುದಿಲ್ಲ ಎಂದು ಡೆಲ್ವಿನ್ ಹೇಳುತ್ತಾನೆ. ಆರ್ಲೀನಾ ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಎರಡು ವರ್ಷ ಎಂಬುದು ಅವರ ಕೊಳವೆಗಿಂತ ಉದ್ದದ ಮಾತು.

ಹತ್ತು ಗಂಟೆಗೆ ಬಿಸಿಲು ಶೆಡ್ಡಿನ ಹೊಸ್ತಿಲಿಗೆ ಬರುತ್ತದೆ. ಉಳಿದ ಹದಿನಾಲ್ಕು ತುಂಡುಗಳನ್ನು ಒಯ್ಯಲು ಡೆಲ್ವಿನ್ ಮತ್ತೆ ಬಂದಿದ್ದಾನೆ. ಹಿಂದಿನ ಸಲ ಕೊಂಡುಹೋದ ತುಂಡಿನಲ್ಲಿ ಕೆತ್ತಿದ ಒಂದು ಕರಡಿ ಅವನ ಜೇಬಿನಲ್ಲಿದೆ. ಅದನ್ನು ಮೇಜಿನ ಮೇಲೆ ಮಗುಚಿ ಹಾಕುತ್ತಾನೆ. ಹೊಟ್ಟೆ ನುಣುಪಾಗಿದೆ, ಇನ್ನೂ ಯಾರ ಹೆಸರೂ ಇಲ್ಲ.

"ಕುಕು, ಅಂಗಡಿಯವ್ನು ವಾಪಸ್ ಕಳಿಸ್ಲಿ ಬಿಡು. ಈ ಸಲ ನಿನ್ ಹೆಸ್ರೇ ಹಾಕ್ತೀನಿ. ಒಂದಾದ್ರೂ ಗುರುತು ಬೇಡ್ವಾ ನಿಂದು?"

ಆರ್ಲೀನಾ ಕರಡಿಯನ್ನು ಎತ್ತಿ ಸರಿಯಾಗಿ ಕಾಲಿನ ಮೇಲೆ ನಿಲ್ಲಿಸುತ್ತಾರೆ. ಅಂಗಳದಲ್ಲಿ ಮಾರ್ಲಾ ಮಧ್ಯದ ಕುರ್ಚಿಯಲ್ಲಿ ಕೂತಿದ್ದಾಳೆ. ಅದನ್ನು ತಾಯಿಗೆಂದು ಇಟ್ಟವಳು ಅವಳೇ. ಆರ್ಲೀನಾ ಅವಳನ್ನು ನೋಡುತ್ತಾರೆ, ಆಮೇಲೆ ಕೆಳದನಿಯಲ್ಲಿ ಹೇಳುತ್ತಾರೆ:

"ಬೇಡ ಕಣೋ. ಅವಳ ಎದೇಲಿ ನನ್ನ ಗುರುತು ಎಲ್ಲೂ ಇಲ್ಲ ಅಂತ ಶುಕ್ರವಾರ ಆ ಡಾಕ್ಟ್ರು ಹೇಳ್ಲಿ. ಅಷ್ಟು ಸಾಕು ನಂಗೆ."