ಮೂಗಿನ ಕೆಳಗಿನ ಬೆರಳು

ಅಮೆರಿಕದ ಫ್ರೀಮಾಂಟಿನ ಸತ್ಯವತಿಗೆ ಗಂಡ ಬದುಕಿದ್ದಾನೆಂದು ಖಾತ್ರಿಯಾಗಲು ಡಾಕ್ಟರು ಹೇಳಿದರೆ ಸಾಲದು, ಸ್ವತಃ ಗಂಡನೇ ಹೇಳಿದರೂ ಸಾಲದು. ಅವನು ಮಲಗಿದ್ದಾಗ ಮೂಗಿನ ಕೆಳಗೆ ತನ್ನ ತೋರುಬೆರಳಿಟ್ಟು, ಬಿಸಿಯುಸಿರು ತಾಕಿದ ಮೇಲೆಯೇ ಆ ವಿಷಯ ಇತ್ಯರ್ಥವಾಗುತ್ತಿತ್ತು. ಅದೂ ಸ್ವಲ್ಪ ಹೊತ್ತಿಗೆ ಮಾತ್ರ.

"ಇನ್ನೂ ಹೋಗಿಲ್ಲ ಕಣೇ, ನಿನ್ನ ಕೆಲಸ ನೋಡ್ಕೋ ಹೋಗು" ಎಂದು ದ್ವಾರಕಾನಾಥ ಕಣ್ಣು ತೆರೆಯದೆಯೇ ಗೊಣಗುತ್ತಿದ್ದ.

ಅವಳನ್ನು ಆಡಿಕೊಳ್ಳುವ ಮೊದಲು ನಡೆದದ್ದನ್ನು ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಒಂದು ಭಾನುವಾರ ದ್ವಾರಕಾನಾಥ ಊಟ ಮುಗಿಸಿ, ಯಾಕೋ ಸುಸ್ತು ಎಂದು ಸೋಫಾದ ಮೇಲೆ ಉರುಳಿಕೊಂಡ. ಪಾಪ, ನಿದ್ದೆ ಹತ್ತಿದೆ ಎಂದು ಸತ್ಯವತಿ ಹೊದಿಕೆ ಹೊದಿಸಿ, ಟಿವಿ ಸದ್ದು ತಗ್ಗಿಸಿ ಕಾಫಿಗೆ ಇಟ್ಟಳು. ಕಾಫಿ ತಂದು ಕರೆದರೆ ಗಂಡ ಏಳಲಿಲ್ಲ. ಅದು ನಿದ್ದೆಯಾಗಿರಲಿಲ್ಲ, ಹೃದಯಾಘಾತವಾಗಿತ್ತು. ಆಂಬುಲೆನ್ಸು ಬಂತು, ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು, ಅವನು ಗುಂಡುಕಲ್ಲಿನ ಹಾಗೆ ಮನೆಗೆ ಬಂದ. ಅವನ ಎದೆ ರಿಪೇರಿಯಾಯಿತು, ಅವಳ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ.

ಅವಳಿಗೆ ರೆಡ್‌ವುಡ್ ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳು. ಅದೇ ಶ್ರದ್ಧೆಯಿಂದ ಗಂಡನನ್ನೂ ಟೆಸ್ಟ್ ಮಾಡತೊಡಗಿದಳು. ಆಫೀಸಿಗೆ ಹೋಗುವಾಗ ದಾರಿಯಲ್ಲಿರುವ ಕೊಲ್ಲಿಯ ಸೇತುವೆ ಹತ್ತುವ ಮೊದಲು ಒಂದು ಫೋನು, ಇಳಿದ ಮೇಲೆ ಇನ್ನೊಂದು. ಒಂದು ದಿನ ಅವನು ಫೋನು ಎತ್ತಲಿಲ್ಲ. ಅವಳು ಪಕ್ಕದ ಮನೆಯ ಕೆಂಪರಾಜುವಿಗೆ ಫೋನು ಮಾಡಿ ಕೂಗಿಕೊಂಡ ರೀತಿಗೆ ಆ ಮನುಷ್ಯ ಬೇಲಿ ಹಾರಿ, ಹಿಂಬಾಗಿಲಿನಿಂದ ನುಗ್ಗಿ, ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದ ದ್ವಾರಕಾನಾಥನನ್ನು ಬಚ್ಚಲಿನಲ್ಲಿ ಮುಖಾಮುಖಿ ಭೇಟಿಯಾದ. ಇಬ್ಬರೂ ಆಮೇಲೆ ಬಹಳ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವತ್ತು ಸಂಜೆ ದ್ವಾರಕಾನಾಥ ಮಗಳ ಮನೆಗೆ ಹೊರಟೆನೆಂದು ತನ್ನ ದಿಂಬನ್ನು ಬ್ಯಾಗಿಗೆ ತುರುಕಿ ಬಾಗಿಲ ಬಳಿ ಇಟ್ಟ. ಅಲ್ಲೇ ಹತ್ತಿರದ ಡಬ್ಲಿನ್ನಿನಲ್ಲಿರುವ ಮಗಳು ರಂಜನಿ ಫೋನಿನಲ್ಲಿ ಖಂಡತುಂಡವಾಗಿ ಹೇಳಿದಳು: "ಅಮ್ಮಾ, ಥೆರಪಿಗೆ ಹೋಗಲೇಬೇಕು. ಇಲ್ಲಾಂದ್ರೆ ಅಪ್ಪನ್ನ ನಾನು ಇಲ್ಲಿಗೆ ಕರ್ಕೊಂಡು ಬರ್ತೀನಿ."

"ನಾನೂ ಅದನ್ನೇ ಹೇಳ್ತಿದೀನಿ ಕಣೇ, ಅವರಿಗೆ ಥೆರಪಿ ಬೇಕೇ ಬೇಕು" ಎಂದು ಸತ್ಯವತಿ ಒಪ್ಪಿ, ಗಂಡನ ಹೆಸರಿನಲ್ಲಿ ಅಪಾಯಿಂಟ್‌ಮೆಂಟು ಮಾಡಿಸಿಯೂ ಬಿಟ್ಟಳು.

ಥೆರಪಿಸ್ಟ್ ಆಶ್ರಿತಾ ಇಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ತಡವರಿಸುತ್ತಿದ್ದಳು. ತಡವರಿಸುವ ಅವಕಾಶವಾದರೂ ಎಲ್ಲಿತ್ತು? ಗಂಡನ ಮಾತ್ರೆ, ನಿದ್ದೆ, ಸಿಟ್ಟು ಎಲ್ಲವನ್ನೂ ಸತ್ಯವತಿಯೇ ವರದಿ ಮಾಡಿದಳು.

"ಅಂಕಲ್, ನಿಮಗೆ ಹೇಗೆ ಫೀಲ್ ಆಗುತ್ತೆ?"

"ಇವರಿಗೆ ಏನೂ ಫೀಲ್ ಆಗಲ್ಲ ಕಣಮ್ಮಾ. ಅದೇ ಪ್ರಾಬ್ಲಮ್ಮು."

ಬಾಯಿ ತೆರೆದಿದ್ದ ದ್ವಾರಕಾನಾಥ ಮುಚ್ಚಿಕೊಂಡ. ಆಶ್ರಿತಾ ನಕ್ಕು, ಅವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡಳು. ಬಾಗಿಲು ಮುಚ್ಚಿದ್ದೇ ತಡ, ಸತ್ಯವತಿಯ ಕಣ್ಣು ಅದರ ಮೇಲೆಯೇ. ಕೊನೆಗೆ ತಡೆಯಲಾರದೆ ಎದ್ದು ಇಣುಕಿ ಬಂದಳು.

"ಅಂಕಲ್ ಓಕೆನಾ ಆಂಟಿ?"

"ಓಕೆ. ಫೋನ್ ನೋಡ್ತಿದಾರೆ."

"ಈ ಓಕೆ ಎಷ್ಟು ಹೊತ್ತು ಬರುತ್ತೆ?"

ಸತ್ಯವತಿ ಮತ್ತೆ ಬಾಗಿಲ ಕಡೆ ನೋಡಿದಳು. ಕಣ್ಣಲ್ಲಿ ನೀರು ಬಂತು. ತಾನು ಎರಡು ವರ್ಷದಿಂದ ಗಂಡನ ಜೊತೆ ಬಾಳುತ್ತಿಲ್ಲ, ಬರೀ ಕಾವಲು ಕಾಯುತ್ತಿದ್ದೇನೆ ಎನ್ನುವುದು ಅವಳಿಗೆ ಅಲ್ಲೇ ತಿಳಿಯಿತು. ಮುಂದಿನ ವಾರದಿಂದ ಅಪಾಯಿಂಟ್‌ಮೆಂಟು ಅವಳ ಹೆಸರಿಗೇ ಬಿತ್ತು.

ಪ್ರತಿ ಸಲ ಬೆರಳಿಟ್ಟಾಗಲೂ ಭಯ ಆ ಕ್ಷಣಕ್ಕೆ ಸುಮ್ಮನಾಗುತ್ತದೆ. ಆದರೆ ಕರೆದರೆ ಇವಳು ಬಂದೇ ಬರುತ್ತಾಳೆಂದು ಕಲಿತು ಮತ್ತೆ ಕರೆಯುತ್ತದೆ. ಕರೆದಾಗ ಹೋಗದೆ ಕೂತು ನೋಡಬೇಕು. ಅದು ಏರುತ್ತದೆ, ಮತ್ತೆ ತಾನಾಗಿಯೇ ಇಳಿಯುತ್ತದೆ. ಆಶ್ರಿತಾ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು.

"ಅವರಿಗೆ ಏನೂ ಆಗಲ್ಲ ಅಂತ ಹೇಳ್ತೀಯಾ?"

"ಅದು ನನಗೆ ಗೊತ್ತಿಲ್ಲ ಆಂಟಿ."

"ಮಾತ್ರೇನೂ ಇಲ್ಲ, ಗ್ಯಾರಂಟಿನೂ ಇಲ್ಲ. ಇದೆಂಥಾ ಟ್ರೀಟ್‌ಮೆಂಟಮ್ಮಾ!"

"ಹೋಮ್‌ವರ್ಕ್ ಇದೆ" ಎಂದಳು ಹುಡುಗಿ.

ಹೋಮ್‌ವರ್ಕಿನಲ್ಲಿ ಸತ್ಯವತಿ ಧಾರಾಳವಾಗಿ ಕಳ್ಳಾಟ ಆಡಿದಳು. ಬೆರಳಿಡುತ್ತಿರಲಿಲ್ಲ ನಿಜ, ಆದರೆ ಗಂಡ ಮಲಗಿದಾಗಲೆಲ್ಲ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳು ಕೈಜಾರುತ್ತಿದ್ದವು. ಅವನು ಬೆಚ್ಚಿಬಿದ್ದು ಬೈದನೆಂದರೆ ಇವಳಿಗೆ ಸಮಾಧಾನ. "ಅದೂ ಚೆಕ್ಕಿಂಗೇ ಆಂಟಿ" ಎಂದು ಆಶ್ರಿತಾ ಹಿಡಿದುಹಾಕಿದಳು. ನಿಧಾನಕ್ಕೆ ತಟ್ಟೆಗಳು ನಿಂತವು, ಸೇತುವೆಯ ಫೋನುಗಳೂ ನಿಂತವು. ಸತ್ಯವತಿ ತನಗೆ ವಾಸಿಯಾಯಿತೆಂದು ಘೋಷಿಸಿ, ಮೈಸೂರುಪಾಕು ಮಾಡಿ ಕೆಂಪರಾಜುವಿನ ಮನೆಗೂ ಕೊಟ್ಟುಬಂದಳು.

ಅದೇ ವಾರ ಬೀದಿಯಲ್ಲಿ ಒಂದು ಆಂಬುಲೆನ್ಸು ಕೂಗಿಕೊಂಡು ಹೋಯಿತು. ಬೆರಳು ನೆಟ್ಟಗೆ ಹಳೆಯ ಜಾಗಕ್ಕೆ ಹೋಗಿ ನಿಂತಿತು.

"ಎಲ್ಲಾ ನೀರಲ್ಲಿ ಹೋಮ ಆಯ್ತಮ್ಮಾ" ಎಂದು ಅವಳು ಆಶ್ರಿತಾಳ ಮುಂದೆ ಅತ್ತಳು.

"ಇಲ್ಲ ಆಂಟಿ. ಭಯ ಮತ್ತೆ ಮತ್ತೆ ಬರುತ್ತೆ. ಮೊದಲು ಅದರ ಜೊತೆ ಹೋಗಿಬಿಡ್ತಿದ್ರಿ. ಈಗ ವಾಪಸ್ ಬರೋದು ನಿಮಗೆ ಗೊತ್ತಿದೆ, ಅಲ್ವಾ?"

ಸತ್ಯವತಿ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು, ಈ ಸಲ ಮೈಸೂರುಪಾಕಿನ ಗಲಾಟೆ ಇಲ್ಲದೆ.

ಮೊನ್ನೆ ಭಾನುವಾರ ಊಟವಾದ ಮೇಲೆ ದ್ವಾರಕಾನಾಥ ಇಷ್ಟು ದಿನವೂ ಬಾಗಿಲ ಬಳಿಯೇ ಇದ್ದ ಬ್ಯಾಗಿನಿಂದ ತನ್ನ ದಿಂಬು ತೆಗೆದು ಅದೇ ಸೋಫಾದ ಮೇಲೆ ಮಲಗಿದ. ಮನೆ ಸದ್ದಿಲ್ಲದಂತಾಯಿತು. ಸತ್ಯವತಿಯ ಎದೆ ಡವಡವ ಎಂದಿತು, ಕೈ ಮೇಲೆದ್ದಿತು. ಅವಳು ಆ ಕೈಯಲ್ಲಿ ಕಾಫಿಪುಡಿಯ ಡಬ್ಬಿ ಹಿಡಿದು, ಒಲೆಯ ಮುಂದೆ ನಿಂತು, ಭಯ ಏರುವುದನ್ನೂ ಇಳಿಯುವುದನ್ನೂ ನೋಡಿದಳು. ಹಾಲು ಕಾಯಿತು. ಅವಳು ಹೋಗಲಿಲ್ಲ.

"ಸತ್ಯಾ" ಎಂದು ಸೋಫಾದಿಂದ ದನಿ ಬಂತು. "ಬೆರಳು ಬರಲೇ ಇಲ್ಲ?"

"ನಿದ್ದೆ ಬರ್ಲಿಲ್ವೇನ್ರೀ?"

"ಹೇಗೆ ಬರುತ್ತೆ?" ದ್ವಾರಕಾನಾಥ ಸೂರು ನೋಡುತ್ತಿದ್ದ. "ಕಣ್ಣು ಮುಚ್ಚಿದ್ರೆ ಮತ್ತೆ ಏಳ್ತೀನೋ ಇಲ್ವೋ ಅನ್ಸುತ್ತೆ ಕಣೇ. ಅವತ್ತಿಂದಾನೂ. ನೀನು ಬಂದು ಬೆರಳಿಟ್ರೆ, ಸದ್ಯ, ಇದೀನಿ ಅನ್ಕೊಂಡು ಬೈಕೊಂಡೇ ಮಲಗ್ತಿದ್ದೆ."

ಏನೂ ಫೀಲ್ ಆಗದ ಮನುಷ್ಯ! ಸತ್ಯವತಿ ಹೋಗಿ ಪಕ್ಕದಲ್ಲಿ ಕೂತು, ಮೂಗು ಬಿಟ್ಟು ಅವನ ಕೈ ಹಿಡಿದುಕೊಂಡಳು.

"ಆಶ್ರಿತಾ ಹತ್ರ ನಿಮಗೂ ಟೈಮ್ ತಗೋತೀನಿ" ಎಂದಳು ಅವಳು.

"ತಗೋ. ಆದ್ರೆ ಈ ಸಲ ನೀನು ಹೊರಗೆ ಕೂತ್ಕೋಬೇಕು."

"ನಿಮಗೆ ಸರಿಯಾಗಿ ಹೇಳಕ್ಕೆ ಬರಲ್ಲ ಕಣ್ರೀ, ನಾನು..." ಎಂದವಳು ತಡೆದುಕೊಂಡಳು. "ಆಯ್ತು. ಹೊರಗೇ ಕೂತಿರ್ತೀನಿ. ಇಣುಕಲ್ಲ."