ಬೀಗ ಬಿದ್ದ ಮನೆಯ ಬಾವಿ

ಮೂಡುಬಿದಿರೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಹೊಟ್ಟೆಪಾಡು ನಡೆಯುವುದು ಮದುವೆಗಳಿಂದ. ಈಚೆಗೆ ಮದುವೆಗಿಂತ ಮದುವೆಗೆ ಮುಂಚಿನ ಫೋಟೋಗಳದ್ದೇ ದೊಡ್ಡ ಗೌಜಿ. ಹುಡುಗ ಹುಡುಗಿಗೆ ಬೇಕಾದದ್ದು ಪಾಳು ಕಟ್ಟಡ. ಹೊಸದಾಗಿ ಬಾಳು ಶುರುಮಾಡುವವರು ಬಿದ್ದ ಗೋಡೆಯ ಮುಂದೆಯೇ ಯಾಕೆ ನಿಲ್ಲಬೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೇಳಿದರೆ "ಅದೊಂದು ಲುಕ್ ಬರ್ತದೆ" ಎನ್ನುತ್ತಾರೆ. ಲುಕ್ ಬರುವುದು ಹೌದು. ಜೊತೆಗೆ ಚೇಳೂ ಬರುತ್ತದೆ, ಸೀರೆಗೆ ಮುಳ್ಳೂ ಹಿಡಿಯುತ್ತದೆ, ಬೈಗುಳ ತಿನ್ನುವುದು ಮಾತ್ರ ಫೋಟೋದವನು.

ಹೀಗಾಗಿ ಈ ಸುತ್ತಿನ ಹಾಳು ಕಟ್ಟಡಗಳೆಲ್ಲ ನನಗೆ ನೆಂಟರ ಮನೆಗಳಷ್ಟೇ ಪರಿಚಯ. ಬಂಟ್ವಾಳ ಪೇಟೆಯಲ್ಲಿ ಹೊಳೆಯ ಬದಿಗೆ ಹಳೆಯ ಬಂಡಸಾಲೆಗಳಿವೆ. ಘಟ್ಟದಿಂದ ಇಳಿದ ಸರಕನ್ನು ಅಲ್ಲಿ ಪೇರಿಸಿಟ್ಟು ದೋಣಿಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರಂತೆ. ಲಾರಿಗಳು ಬಂದವು, ದೋಣಿಗಳು ಹೋದವು, ವ್ಯಾಪಾರ ಬಿ.ಸಿ. ರೋಡಿಗೆ ಎದ್ದುಹೋಯಿತು. ಪಾಣೆಮಂಗಳೂರಿನ ಈಚೆಗೆ ಒಂದು ಹಂಚಿನ ಕಾರ್ಖಾನೆ. ಎಲ್ಲರೂ ತಾರಸಿ ಹಾಕಿಸಿಕೊಳ್ಳತೊಡಗಿದ ಮೇಲೆ ಅದರ ಬೆಂಕಿ ಆರಿತು. ಈಗ ಚಿಮಣಿಯ ನೆತ್ತಿಯಲ್ಲಿ ಅರಳಿ ಗಿಡ ಬೆಳೆದಿದೆ. ಬೆಳ್ತಂಗಡಿ ಕಡೆ ಬ್ರಿಟಿಷರ ಕಾಲದ ಒಂದು ಬಂಗಲೆಯಲ್ಲಿ ಉಪ್ಪರಿಗೆಗೆ ಮೆಟ್ಟಿಲು ಉಂಟು, ಉಪ್ಪರಿಗೆ ಇಲ್ಲ. ಆ ಮೆಟ್ಟಿಲಿನ ಮೇಲೆ ನಾನು ಎಷ್ಟು ಜೋಡಿಗಳನ್ನು ಹತ್ತಿಸಿ ಇಳಿಸಿದ್ದೇನೋ ಲೆಕ್ಕವಿಲ್ಲ.

ಫೋಟೋ ಮುಗಿದ ಮೇಲೆ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಆ ಕಟ್ಟಡದ ಕತೆ ವಿಚಾರಿಸುವುದು ನನ್ನ ಅಭ್ಯಾಸ. "ಹಾಳು ಬಿಟ್ಟು ಹೋದರು, ಅಷ್ಟೆ" ಎಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾಡಿಗೆ ಮನೆ ಬಿಡುವುದಕ್ಕೇ ನಾವು ತಿಂಗಳುಗಟ್ಟಲೆ ಯೋಚಿಸುತ್ತೇವೆ. ಹುಟ್ಟಿದ ಮನೆಯನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ?

ಪುಂಜಾಲಕಟ್ಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ಒಂದು ಗುತ್ತಿನ ಮನೆ ಇದೆ. ಒಂದು ಕಾಲಕ್ಕೆ ಊರಿಗೇ ದೊಡ್ಡ ಮನೆ. ಹಲಸಿನ ಮರದ ಕಂಬಗಳ ಚಾವಡಿ, ದೊಡ್ಡ ಅಂಗಳ, ಅಂಗಳಕ್ಕೆ ಮೊದಲು ಪಡಿಪ್ಪಿರೆ, ಅಂದರೆ ಮಾಡು ಇರುವ ಹೆಬ್ಬಾಗಿಲು. ಒಳಮನೆಗೆ ಬೀಗ. ನಾನು ಹಿಂದೊಮ್ಮೆ ಅಲ್ಲಿ ತೆಗೆದ ಫೋಟೋ ನೋಡಿ ಉಜಿರೆಯ ಹುಡುಗಿಯೊಬ್ಬಳು ತನಗೂ ಅದೇ ಜಾಗ ಬೇಕೆಂದಳು. ಮಂಗಳೂರಿನಲ್ಲಿರುವ ಮನೆಯ ಕಡೆಯವರೊಬ್ಬರು ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಮದುವೆಗೆ ಇನ್ನು ಕೆಲವೇ ದಿನ ಇತ್ತು. ಹುಡುಗ ಮಸ್ಕತ್ತಿನಿಂದ ಆಗಷ್ಟೇ ಬಂದಿದ್ದ.

ಕಾರಿನಿಂದ ಮೂರನೆಯವರೊಬ್ಬರು ಇಳಿದರು. ಹುಡುಗಿಯ ಅಜ್ಜಿ, ಅವಳ ತಾಯಿಯ ತಾಯಿ. "ಅಜ್ಜಿಗೆ ಶೂಟಿಂಗ್ ನೋಡ್ಬೇಕಂತೆ ಸರ್. ಮೊಬೈಲಲ್ಲಿ ಈ ಮನೆ ತೋರಿಸಿದ್ದೇ, ನಾನೂ ಬರ್ತೇನೆ ಅಂತ ಹಟ" ಎಂದು ಹುಡುಗಿ ನಕ್ಕಳು. ಈ ಬಿಸಿಲಿನಲ್ಲಿ ಮುದುಕಿಯನ್ನೂ ಸಂಭಾಳಿಸಬೇಕಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿ. ಆದರೆ ಅಜ್ಜಿ ಯಾರ ದಾರಿಗೂ ಅಡ್ಡ ಬರಲಿಲ್ಲ. ಪಡಿಪ್ಪಿರೆಯ ಹೊರಗೆ ಮುರಕಲ್ಲಿನ ಕಟ್ಟೆಯ ಮೇಲೆ ಕೂತವರು ಒಳಗೆ ಬರುವುದಕ್ಕೇ ಒಪ್ಪಲಿಲ್ಲ.

ಹುಡುಗಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾಗ ನಾನು ಹೋಗಿ, "ಚಾವಡಿಯಲ್ಲಿ ನೆರಳುಂಟು, ಬನ್ನಿ ಅಮ್ಮ" ಎಂದೆ.

"ಬರುವ ಹಾಗಿಲ್ಲ" ಎಂದರು. ಚಾವಡಿಯ ಕಂಬಗಳತ್ತ ನೋಡುತ್ತಾ, "ಇದು ನಮ್ಮ ಮನೆ" ಎಂದರು.

ಅವರು ಹೇಳಿದ್ದು ಇಷ್ಟು. ಈ ಮನೆಯಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ತಂಗಿಯೇ ಅಜ್ಜಿಯ ತಾಯಿ, ಮದುವೆಯಾಗಿ ಹೊಳೆಯಾಚೆ ಇದ್ದವರು. ಮನೆಯ ಯಜಮಾನರಾಗಿದ್ದ ಅವರ ಅಣ್ಣ ಮಳೆಗಾಲದಲ್ಲಿ ತೀರಿಕೊಂಡರು. ಹೆಣಕ್ಕಂತೂ ತಂಗಿಗೆ ಬರಲಾಗಲಿಲ್ಲ. ಬೊಜ್ಜಕ್ಕಾದರೂ, ಅಂದರೆ ಉತ್ತರಕ್ರಿಯೆಗಾದರೂ ತಲುಪಬೇಕೆಂದು ಹೊರಟರೆ ಹೊಳೆ ತುಂಬಿ ದೋಣಿ ಬಿಡಲಿಲ್ಲ. ಕಾದು ಕಾದು ದಾಟಿ, ಮಗಳ ಕೈ ಹಿಡಿದು ಒದ್ದೆ ಸೀರೆಯಲ್ಲಿ ಇಲ್ಲಿಗೆ ಬರುವಾಗ ಎಲ್ಲ ಮುಗಿದು ಊಟದ ಎಲೆ ಎತ್ತುತ್ತಿದ್ದರು. ಅಕ್ಕ ಕಾದಿರಲಿಲ್ಲ. ತಂಗಿ ಸೀದಾ ದೈವದ ಕೋಣೆಯ ಹೊಸ್ತಿಲಿಗೆ ಕೈಯಿಟ್ಟು, ಇನ್ನು ನಾನಾಗಲಿ ನನ್ನ ಹೆಣ್ಣು ಸಂತಾನವಾಗಲಿ ಈ ಮನೆಗೆ ಕಾಲಿಡುವುದಿಲ್ಲ, ಇಲ್ಲಿಯ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿ ಬಂದ ದಾರಿಯಲ್ಲೇ ತಿರುಗಿದರು.

"ನನಗೆ ಬಾಯಾರಿಕೆ ಆಗಿತ್ತು. ಅಮ್ಮ ಕುಡಿಯಲಿಕ್ಕೆ ಬಿಡ್ಲಿಲ್ಲ" ಎಂದರು ಅಜ್ಜಿ.

ಮುಂದಿನದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಳಿಯಸಂತಾನದ ಮನೆ ಹೆಣ್ಣಿನ ಕಡೆಯಿಂದಲೇ ಮುಂದುವರಿಯಬೇಕು. ಅಕ್ಕನಿಗೆ ಹುಟ್ಟಿದವರೆಲ್ಲ ಗಂಡು. ಅವರವರ ಹೆಂಡತಿಯರ ಊರುಗಳಲ್ಲಿ ನೆಲೆಯಾದರು. ತಂಗಿಯ ಕಡೆ ಹೆಣ್ಣುಮಕ್ಕಳಿದ್ದರು, ಆದರೆ ಅವರಿಗೆ ಆಣೆ ಇತ್ತು. ಅಕ್ಕ ಹೋದ ಮೇಲೆ ಮನೆಗೆ ಬೀಗ ಬಿತ್ತು. ನಾನು ಇದೇ ಅಂಗಳದಲ್ಲಿ ಎಷ್ಟೋ ಸಲ ಕ್ಯಾಮರಾ ಹಿಡಿದು ಓಡಾಡಿದ್ದೆ. ಆ ಕಂಬಗಳ ಕೆತ್ತನೆ ಬಿಟ್ಟು ಮತ್ತೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಆಣೆಯ ಮಾತನ್ನು ಬಿಡಿಸಿಕೊಳ್ಳಬಹುದಲ್ಲ ಅಮ್ಮ? ಎರಡೂ ಕಡೆಯವರು ದೈವದ ಎದುರು ನಿಂತು ತಪ್ಪಾಯಿತು ಅಂದರೆ ಆಯಿತಲ್ಲ?"

"ಬಿಡಿಸುವುದಂದ್ರೆ ನನ್ನಮ್ಮ ಮಾಡಿದ್ದು ತಪ್ಪು ಅಂತ ನಾನೇ ಹೇಳಿದ ಹಾಗೆ. ಅವಳ ಒದ್ದೆ ಸೀರೆ ನೋಡಿದವಳು ನಾನು. ನನ್ನಿಂದ ಆಗ್ಲಿಲ್ಲ." ಮತ್ತೆ ದನಿ ತಗ್ಗಿಸಿ, "ಇವಳಿಗೆ ಏನೂ ಗೊತ್ತಿಲ್ಲ. ಹೇಳಿದ್ರೆ ಬರುವುದೇ ಬೇಡ ಅಂತ ಆಗ್ತಿತ್ತು, ನನಗೆ ಒಮ್ಮೆ ಮನೆ ನೋಡ್ಬೇಕಿತ್ತು. ಅಂಗಳ ತುಳಿದಾಯ್ತು, ಅದಕ್ಕೆ ನಾನು ಮನಸ್ಸಲ್ಲೇ ಕೈ ಮುಗಿದಿದ್ದೇನೆ. ಇಲ್ಲಿಯ ನೀರು ಮಾತ್ರ ಅವಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮದುವೆ ಆಗುವ ಹುಡುಗಿ" ಎಂದರು. ನಂಬುವವರ ಹೆದರಿಕೆಗೆ ನಗುವವನು ನಾನಲ್ಲ. ಕಾರಿನಲ್ಲಿ ಬಾಟಲಿ ನೀರು ಉಂಟು, ನೀವು ಧೈರ್ಯವಾಗಿರಿ ಎಂದೆ.

ನಾನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಪಕ್ಕದ ಹಿತ್ತಿಲಿನ ಹೆಂಗಸನ್ನು. ಸಂಕ್ರಾಂತಿಗೊಮ್ಮೆ ದೈವದ ಕೋಣೆಗೆ ದೀಪ ಇಡುವುದು ಅವಳೇ. ಮನೆಯವರಿಲ್ಲದಿದ್ದರೆ ಏನಾಯಿತು, ಬಂದವರನ್ನು ಬಾಯಾರಿಕೆಗೆ ಆಸರಿಗೆ ಕೊಡದೆ ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು ಎಂಬುದು ಅವಳ ವಾದ. ನಾನು ಅಂಗಳಕ್ಕೆ ತಿರುಗುವಾಗ ಅವಳು ಅಲ್ಲಿಯ ಬಾವಿಯಿಂದ ಸೇದಿದ ನೀರನ್ನು ಚೆಂಬಿನಲ್ಲಿ ಹಿಡಿದು, ತಟ್ಟೆಯಲ್ಲಿ ಬೆಲ್ಲ ಇಟ್ಟು ನಿಂತಾಗಿತ್ತು. ಹುಡುಗಿ ಬಿಸಿಲಿಗೆ ಬೆಂದಿದ್ದಳು. ಬೆಲ್ಲದ ತುಂಡು ಬಾಯಿಗೆ ಹಾಕಿ, ತಲೆಯೆತ್ತಿ ಗಟಗಟ ಕುಡಿದೇ ಬಿಟ್ಟಳು.

"ಬೇಡ!" ಎಂದು ನಾನು ಕೂಗಿದ್ದು ತಡವಾಗಿತ್ತು.

ತಿರುಗಿ ನೋಡಿದರೆ ಅಜ್ಜಿ ಎದ್ದು ನಿಂತಿದ್ದರು. ಚಪ್ಪಲಿ ಕಳಚಿಟ್ಟು, ಪಡಿಪ್ಪಿರೆಯ ಕಂಬ ಹಿಡಿದು ಹೊಸ್ತಿಲು ದಾಟಿದರು. ಅಂಗಳ ಹಾದು ಬಂದು ಮೊಮ್ಮಗಳ ಕೈಯಿಂದ ಚೆಂಬು ತೆಗೆದುಕೊಂಡು, ಮುಚ್ಚಿದ ದೈವದ ಕೋಣೆಯ ಕಡೆ ತಿರುಗಿದರು.

"ಅವಳು ಗೊತ್ತಿಲ್ಲದೆ ಕುಡಿದದ್ದು. ನಾನು ಗೊತ್ತಿದ್ದೇ ಕುಡಿಯುವುದು. ಏನಿದ್ರೂ ನನ್ನ ಮೇಲೆ ಇರಲಿ."

ಉಳಿದ ನೀರನ್ನು ಎತ್ತಿ ಕುಡಿದರು. ಅರ್ಧ ನೀರು ಸೆರಗಿನ ಮೇಲೆಯೇ ಚೆಲ್ಲಿತು. ಹುಡುಗ ಏನೂ ತಿಳಿಯದೆ ನನ್ನ ಮುಖ ನೋಡಿದ.

"ಎಂತದು ಅಜ್ಜಿ, ಯಾರ ಹತ್ರ ಮಾತಾಡ್ತಿದ್ದೀರಿ?" ಎಂದು ಹುಡುಗಿ ಅವರನ್ನು ಜಗಲಿಯಲ್ಲಿ ಕೂರಿಸಿ, ಸೆರಗು ಒರೆಸುತ್ತಾ, "ಎಷ್ಟು ತಂಪುಂಟು ಅಲ್ವಾ ಈ ನೀರು?" ಎಂದಳು.

"ತಂಪೇ ಮಗಾ" ಎಂದರು ಅಜ್ಜಿ. "ನನ್ನಮ್ಮ ಸಾಯುವಾಗ ಈ ಬಾವಿಯ ನೀರೇ ಬೇಕು ಅಂದಳು. ಆಣೆ ಉಂಟಲ್ಲ ಅಂತ ನಾನು ತಂದು ಕೊಡ್ಲಿಲ್ಲ."